ಶ್ಯಾಮಲಕ್ಕನ ಅಂಚೆ ಚೆಸ್

ಶ್ಯಾಮಲಮ್ಮನನ್ನು ನಾನು ಮೊದಲು ನೋಡಿದ್ದು 1981ರಲ್ಲಿ, ಶಿಡ್ಲಘಟ್ಟದ ಹೊರಗಿದ್ದ ಒಂದು ಖಾಸಗಿ ಬಿತ್ತನೆ ಕೋಠಿಯಲ್ಲಿ. ರೇಷ್ಮೆ ಹುಳುವಿನ ಮೊಟ್ಟೆ ತಯಾರು ಮಾಡಿ ರೈತರಿಗೆ ಕೊಡುವ ಜಾಗ ಅದು. ನಮ್ಮಿಬ್ಬರ ಕೆಲಸವೂ ಮೈಕ್ರೋಸ್ಕೋಪಿನ ಮುಂದೆ. ಮೊಟ್ಟೆ ಇಟ್ಟು ಮುಗಿಸಿದ ಚಿಟ್ಟೆಯನ್ನು ಅರೆದು, ಆ ರಸದ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು, ಗಂಟುರೋಗದ ಕಣ ಇದೆಯೇ ಎಂದು ನೋಡಬೇಕು. ಒಂದೇ ಒಂದು ಕಣ ಕಂಡರೂ ಆ ಚಿಟ್ಟೆಯ ಮೊಟ್ಟೆಯನ್ನೆಲ್ಲ ಸುಟ್ಟುಬಿಡಬೇಕು. ಬಿಟ್ಟರೆ ಯಾವುದೋ ಊರಿನಲ್ಲಿ ಯಾರದೋ ಮನೆಯ ಹುಳುವೆಲ್ಲ ಸಾಯುತ್ತದೆ.

ಅವಳಿಗೆ ಆಗ ಇಪ್ಪತ್ತೊಂಬತ್ತು, ನನಗೆ ಇಪ್ಪತ್ತು. ನಾನು ಅವಳನ್ನು ಶ್ಯಾಮಲಕ್ಕ ಎನ್ನುತ್ತಿದ್ದೆ. ಮಾತು ಕಡಿಮೆ. ಬೆಳಗ್ಗೆ ಬಂದು ಕಣ್ಣನ್ನು ಮೈಕ್ರೋಸ್ಕೋಪಿಗೆ ಹಚ್ಚಿದರೆ ಊಟದ ಹೊತ್ತಿಗೇ ತೆಗೆಯುವುದು. ನಾಲ್ಕು ಜನ ಒಂದು ಮೇಜಿನ ಸುತ್ತ ಕೂರುತ್ತಿದ್ದೆವು. ನಾಲ್ವರ ಗಾಜುಗಳೂ ಒಂದೇ ಟ್ರೇಯಲ್ಲಿ ಹೋಗುತ್ತಿದ್ದವು.

ನಾನು ಸೇರಿ ಎರಡು ತಿಂಗಳಾಗಿರಬೇಕು, ಒಂದು ದಿನ ನಮ್ಮ ಟ್ರೇಯಲ್ಲಿ ರೋಗದ ಚಿಟ್ಟೆಯೊಂದು ಕಣ್ತಪ್ಪಿಹೋಯಿತು. ಮೇಲಿನವರು ಎರಡನೇ ಸಲ ನೋಡುವಾಗ ಸಿಕ್ಕಿತು. ನಾಲ್ವರನ್ನೂ ಸಾಲಾಗಿ ನಿಲ್ಲಿಸಿ ಬೈದರು. ತಪ್ಪು ನನ್ನದು, ನನಗೆ ಅದು ಗೊತ್ತಿತ್ತು, ಅಲ್ಲಿ ಬಾಯಿ ಬರಲಿಲ್ಲ. ಮಾರನೆಯ ದಿನ ನಲ್ಲಿಯ ಹತ್ತಿರ ಶ್ಯಾಮಲಕ್ಕನಿಗೆ ಹೇಳಿದೆ. "ಹೋಗ್ಲಿ ಬಿಡೆ, ಹೊಸಬಳು" ಅಂದಳು. ಆದರೆ ಆ ಮಧ್ಯಾಹ್ನವೇ ಮೇಲಿನವರ ಹತ್ತಿರ ಹೋಗಿ, "ಇನ್ಮೇಲೆ ನನ್ನ ಟ್ರೇ ನನಗೇ ಬೇರೆ ಕೊಟ್ಬಿಡಿ ಸಾರ್. ತಪ್ಪಾದ್ರೆ ನನ್ನೊಬ್ಬಳನ್ನೇ ಕೇಳಿ" ಎಂದಳು. ಕೊಟ್ಟರು. ಹಾಗೆ ಅವಳದು ಒಂದು ಟ್ರೇ, ನಮ್ಮ ಮೂವರದು ಒಂದು ಟ್ರೇ ಆಯಿತು.

ಅವಳು ಚೆಸ್ ಆಡುತ್ತಾಳೆಂದು ನನಗೆ ತಿಳಿದದ್ದು ಎರಡು ವರ್ಷದ ಮೇಲೆ. ಅದೂ ಅವಳಾಗಿ ಹೇಳಿದ್ದಲ್ಲ, ಪೋಸ್ಟ್‌ಮ್ಯಾನ್ ಎರ್ರಪ್ಪನಿಂದಾಗಿ.

ಶ್ಯಾಮಲಕ್ಕನ ತಂದೆ ಕೋನಪ್ಪ ಮಿಲಿಟರಿ ಪಟಾಲಮ್ಮಿನಲ್ಲಿ ಅಡುಗೆ ಮಾಡಿಕೊಂಡಿದ್ದವರು. ಆಫೀಸರುಗಳು ಆಡುವುದನ್ನು ನೋಡಿ ನೋಡಿ ಚೆಸ್ ಕಲಿತು, ಊರಿಗೆ ಬರುವಾಗ ಒಂದು ಮರದ ಬೋರ್ಡು ತಂದಿದ್ದರು. ಊರಿನಲ್ಲಿ ಆಡಲು ಯಾರೂ ಸಿಗಲಿಲ್ಲ. ಮಗಳಿಗೇ ಕಲಿಸಿದರು. ಮಗಳು ಹದಿನಾಲ್ಕಕ್ಕೆ ಅಪ್ಪನನ್ನು ಸೋಲಿಸಲು ಶುರುಮಾಡಿದಳು. ಅವರು ತೀರಿಕೊಂಡ ಮೇಲೆ ಬೋರ್ಡು ಗಂಡನ ಮನೆಗೆ ಬಂತು. ಗಂಡ ಚನ್ನಕೇಶವ ನೂಲು ಬಿಚ್ಚುವ ಮಿಷನ್ನುಗಳ ಮೋಟಾರು ರಿಪೇರಿ ಮಾಡುತ್ತಿದ್ದವನು, ನಗುಮುಖದ ಮನುಷ್ಯ. ಹೆಂಡತಿ ಎಷ್ಟು ಸಲ ಹೇಳಿಕೊಟ್ಟರೂ ಕುದುರೆ ಯಾಕೆ ಸೊಟ್ಟಗೆ ಹೋಗಬೇಕು ಎಂಬುದು ಅವನಿಗೆ ಒಪ್ಪಿಗೆಯಾಗಲಿಲ್ಲ.

ಆ ಹೊತ್ತಿಗೆ ಒಂದು ಇಂಗ್ಲಿಷ್ ವಾರಪತ್ರಿಕೆಯ ಮೂಲೆಯಲ್ಲಿ ಪೂನಾದ ಅಂಚೆ ಚೆಸ್ ಸಂಘವೊಂದರ ಜಾಹೀರಾತು ಅವಳ ಕಣ್ಣಿಗೆ ಬಿತ್ತು. ಮನೆಯಲ್ಲೇ ಕೂತು ದೂರದ ಊರಿನವರ ಜೊತೆ ಆಡುವುದು. ನನ್ನ ನಡೆಯನ್ನು ನಾನು ಕಾರ್ಡಿನಲ್ಲಿ ಬರೆದು ಹಾಕುತ್ತೇನೆ. ನೀನು ನಿನ್ನದನ್ನು ಬರೆದು ಹಾಕು. ಒಂದು ಆಟ ಮುಗಿಯಲು ಒಂದು ವರ್ಷ, ಒಂದೂವರೆ ವರ್ಷ. ಅವಳು ಸೇರಿದಳು. ಒಂದೇ ಸಲಕ್ಕೆ ಆರು ಜನರ ಜೊತೆ ಆರು ಆಟ ನಡೆಯುತ್ತಿದ್ದವು. ಪೂನಾ, ಮಧುರೆ, ಕಲ್ಕತ್ತ, ಭೋಪಾಲ್, ಎಲ್ಲೆಲ್ಲಿಂದಲೋ ಕಾರ್ಡು ಬರುತ್ತಿದ್ದವು.

ಬೋರ್ಡಿನ ಅರವತ್ನಾಲ್ಕು ಮನೆಗಳಿಗೂ ಎರಡೆರಡು ಅಂಕಿಯ ಗುರುತು. ಎಲ್ಲಿಂದ ಎಲ್ಲಿಗೆ ಎಂದು ನಾಲ್ಕು ಅಂಕಿ ಬರೆದರೆ ನಡೆ ಆಯಿತು. ಎರ್ರಪ್ಪನಿಗೆ ಇದು ಗೊತ್ತಿಲ್ಲ. ಕಾರ್ಡು ಅಂದ ಮೇಲೆ ಓದದೆ ಕೊಡುವ ಅಭ್ಯಾಸವೂ ಅವನಿಗಿಲ್ಲ. ಆರು ತಿಂಗಳು ನೋಡಿದ. ಕೊನೆಗೆ ಒಂದು ದಿನ ಕೋಠಿಯ ಗೇಟಿನ ಹತ್ತಿರ ನನ್ನೆದುರಿಗೇ ಅವಳನ್ನು ತಡೆದು ಮೆಲ್ಲಗೆ ಕೇಳಿದ.

"ಏನಮ್ಮಾ ಶ್ಯಾಮಲಮ್ಮ, ಪೂನಾದಿಂದ ನಂಬರ್ ಬರ್ತದೆ, ಕಲ್ಕತ್ತದಿಂದ ನಂಬರ್ ಬರ್ತದೆ. ಇದು ಓಪನ್ನಾ ಕ್ಲೋಜಾ? ನಮ್ಗೂ ಒಂದ್ ಹೇಳ್ಬಾರ್ದಾ?"

ಮಟ್ಕಾ ನಂಬರು ಎಂದುಕೊಂಡಿದ್ದಾನೆ! ಶ್ಯಾಮಲಕ್ಕ ಅಷ್ಟು ನಕ್ಕಿದ್ದನ್ನು ಅದೇ ಮೊದಲು ನೋಡಿದೆ. ಅವನನ್ನೂ ನನ್ನನ್ನೂ ಮನೆಗೆ ಕರೆದುಕೊಂಡು ಹೋಗಿ, ಗೋಡೆಯ ಗೂಡಿನಲ್ಲಿದ್ದ ಬೋರ್ಡು ತೋರಿಸಿ, ಕಾರ್ಡಿನ ನಂಬರಿನಂತೆ ಕಾಯಿ ನಡೆಸಿ ತೋರಿಸಿದಳು. ಎರ್ರಪ್ಪ ಸ್ವಲ್ಪ ಹೊತ್ತು ಸಪ್ಪಗಾದ. ಆಮೇಲೆ, "ಹಂಗಾದ್ರೆ ಗೆಲ್ತಾ ಇದ್ದೀರೋ ಸೋಲ್ತಾ ಇದ್ದೀರೋ?" ಎಂದು ಕೇಳಿದ. ಅಂದಿನಿಂದ ಅವಳ ಕಾರ್ಡು ಬಂದರೆ ಬೇರೆಯವರ ಪತ್ರ ಕೊಡುವ ಮೊದಲೇ ಇತ್ತ ಸೈಕಲ್ ತಿರುಗಿಸುತ್ತಿದ್ದ.

ಅವಳು ಗೆಲ್ಲುತ್ತಲೇ ಇದ್ದಳು. ಮೂರನೇ ದರ್ಜೆ ಗೆದ್ದಳು, ಎರಡನೇ ದರ್ಜೆ ಗೆದ್ದಳು. 1986ರ ಕೊನೆಗೆ ಸಂಘದಿಂದ ಮುಂದಿನ ಸುತ್ತಿನ ಫಾರಂ ಬಂತು. ಅದರಲ್ಲಿ ಎರಡು ಚೌಕ. ಒಂದು, ಒಬ್ಬರೇ ಆಡುವ ಮೊದಲ ದರ್ಜೆಯ ಸ್ಪರ್ಧೆಗೆ. ಇನ್ನೊಂದು, ಹೊಸದಾಗಿ ಶುರುಮಾಡುತ್ತಿದ್ದ ತಂಡದ ಸ್ಪರ್ಧೆಗೆ: ಮೂರು ಜನರ ತಂಡ, ಮೂರು ಬೋರ್ಡು, ತಂಡದೊಳಗೆ ಒಬ್ಬರ ಆಟವನ್ನು ಇನ್ನೊಬ್ಬರು ನೋಡಿ ಮಾತಾಡಿಕೊಳ್ಳಬಹುದು. ಎರಡರಲ್ಲಿ ಒಂದಕ್ಕೆ ಮಾತ್ರ ಗುರುತು ಹಾಕಬೇಕು. ತುಂಬ ಆಟ ಒಪ್ಪಿಕೊಂಡು ನಡುವೆ ಬಿಟ್ಟುಹೋಗುವವರು ಹೆಚ್ಚಾಗಿದ್ದರಿಂದ ಹಾಗೆ ನಿಯಮ ಮಾಡಿದ್ದರು.

ಅದೇ ವಾರ ಅಲೀಪುರದಿಂದ ಒಂದು ಇನ್‌ಲ್ಯಾಂಡ್ ಲೆಟರು ಬಂತು. ಬರೆದವರು ಬಾಕರ್ ಅಲಿ, ಹರಳುಗಳನ್ನು ಸಾಣೆ ಹಿಡಿದು ಮಾರುವ ವ್ಯಾಪಾರಿ. ಸ್ಕೂಲು ಹುಡುಗರಂತೆ ದುಂಡನೆಯ ಕನ್ನಡ ಅಕ್ಷರ. "ಮೇಡಂ ಅವರಿಗೆ ಸಲಾಂ. ಸಂಘದ ಬುಲೆಟಿನ್‌ನಲ್ಲಿ ನಿಮ್ಮ ವಿಳಾಸ ನೋಡಿದೆ. ನಮ್ಮ ಕೋಲಾರ ಜಿಲ್ಲೆಯಿಂದ ಇರುವವರು ಮೂರೇ ಜನ. ನೀವು, ನಾನು, ಕೆಂಚಾರ್ಲಹಳ್ಳಿಯ ರಾಮಾಂಜಿನಪ್ಪ ಅವರು. ತಂಡಕ್ಕೆ ಬೇಕಾದವರೂ ಮೂರೇ ಜನ. ರಾಮಾಂಜಿನಪ್ಪ ಅವರು ಹೂಂ ಅಂದಿದ್ದಾರೆ. ತಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ."

ಶ್ಯಾಮಲಕ್ಕ ಆ ಪತ್ರವನ್ನು ಟಿಫನ್ ಕ್ಯಾರಿಯರಿನ ಜೊತೆ ಇಟ್ಟುಕೊಂಡು ಒಂದು ವಾರ ಓಡಾಡಿದಳು. ಒಂದು ದಿನ ಊಟಕ್ಕೆ ಕೂತಾಗ ನನಗೆ ಓದಿ ಹೇಳಿ, "ವರಲಕ್ಷ್ಮಿ, ನೀನಾಗಿದ್ರೆ ಏನ್ ಮಾಡ್ತಿದ್ದೆ?" ಎಂದು ಕೇಳಿದಳು.

"ಮೂರ್ ಜನ ಇದ್ರೆ ಮಾತಾಡ್ಕೊಂಡು ಆಡ್ಬೋದಲ್ಲಕ್ಕ" ಅಂದೆ.

ಅವಳು ನನ್ನ ಮುಖ ನೋಡಿದಳು. ನನಗೆ ತಟ್ಟನೆ ಆ ಟ್ರೇ ನೆನಪಾಯಿತು. ಅವಳಿಗೂ ನೆನಪಾಯಿತೆಂದು ಕಾಣುತ್ತದೆ, ನಾನು ನೊಂದುಕೊಳ್ಳದಿರಲಿ ಎಂದು ಬೇರೆ ಕಾರಣ ಹೇಳಿದಳು. "ಅವ್ರು ಯಾರೋ ಏನೋ. ನಾನು ಒಂದು ಅಂತೀನಿ, ಅವ್ರು ಇನ್ನೊಂದು ಅಂತಾರೆ. ಒಬ್ಳೇ ಆಡಿದ್ರೆ ಗೆದ್ರೂ ನಂದೆ, ಸೋತ್ರೂ ನಂದೆ. ತಲೆ ಹಗುರಾಗಿರ್ತದೆ."

ಮೊದಲನೇ ಚೌಕಕ್ಕೆ ಗುರುತು ಹಾಕಿ ಕಳಿಸಿದಳು. ಬಾಕರ್ ಅಲಿಗೆ ವಿನಯವಾಗಿ ಎರಡು ಸಾಲು ಬರೆದಳು. ಅವರೂ ಒಳ್ಳೆಯ ಮಾತಿನಲ್ಲೇ ಉತ್ತರ ಬರೆದರು: ತಂಡ ಎಲ್ಲಿಗೂ ಓಡಿಹೋಗುವುದಿಲ್ಲ, ಈ ಸಲ ನಾವೂ ಒಬ್ಬೊಬ್ಬರೇ ಆಡುತ್ತೇವೆ, ಮುಂದೆ ನೋಡೋಣ.

ಮಾರನೆಯ ವರ್ಷ ಬೇಸಿಗೆಯಲ್ಲಿ, ಒಂದು ಶನಿವಾರ, ಐವತ್ತು ದಾಟಿದ ರೈತರೊಬ್ಬರು ಕೋಠಿಗೆ ಮೊಟ್ಟೆ ತೆಗೆದುಕೊಂಡು ಹೋಗಲು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಮೊಟ್ಟೆಯ ಹಾಳೆ ಕಟ್ಟಿಸಿಕೊಂಡು, "ಇಲ್ಲಿ ಶ್ಯಾಮಲಮ್ಮ ಅನ್ನೋರು ಯಾರು?" ಎಂದು ಕೇಳಿದರು. ಅವರೇ ರಾಮಾಂಜಿನಪ್ಪ. ಮೊಟ್ಟೆಯನ್ನು ಬಿಸಿಲಿನಲ್ಲಿ ಒಯ್ಯುವಂತಿಲ್ಲ. ಸಂಜೆ ತಂಪಾಗುವವರೆಗೆ ಅವರು ಹೇಗೂ ಕಾಯಬೇಕಿತ್ತು. ನಮಗೆ ಅರ್ಧ ದಿನ ರಜೆ. ಶ್ಯಾಮಲಕ್ಕ ಅವರನ್ನು ಮನೆಗೆ ಕರೆದಳು, ನನ್ನನ್ನೂ ಜೊತೆಗೆ ಬಾ ಎಂದಳು.

ಅವಳು ಕಾಫಿ ಮಾಡಲು ಒಳಗೆ ಹೋದಳು. ರಾಮಾಂಜಿನಪ್ಪ ಮೊಟ್ಟೆಯ ಗಂಟನ್ನು ನೀರಿನ ಗುಡಾಣದ ಪಕ್ಕ ತಂಪಿಗಿಟ್ಟು, ಗೂಡಿನಲ್ಲಿದ್ದ ಬೋರ್ಡಿನ ಮುಂದೆ ನಿಂತರು. ಎರಡು ನಿಮಿಷ ನೋಡಿದರು. ಆಮೇಲೆ ಒಳಗೆ ಕೇಳುವಂತೆ ಜೋರಾಗಿ ಹೇಳಿದರು.

"ಏನಮ್ಮಾ, ಇಲ್ಲಿ ಬಿಳಿ ಆನೆ ಈ ಕಾಲಾಳು ಹೊಡೀಬೇಕು ಅನ್ಸುತ್ತೆ, ಆಸೆ ಆಯ್ತದೆ. ಹೊಡೆದ್ರೆ ಕೆಟ್ರು. ಕರೀ ಕುದ್ರೆ ಇಲ್ಲಿಗೆ ಬಂದು ಕೂತ್ಕೊಂಡ್ರೆ ರಾಜನ್ಗೂ ಆನೆಗೂ ಒಂದೇ ಏಟು. ಯಾರದಮ್ಮಾ ಈ ಆಟ?"

ಶ್ಯಾಮಲಕ್ಕ ಲೋಟ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟಳು. ಕಿಟಕಿಯ ಮೇಲೆ ಮಧುರೆಗೆ ಹೋಗಬೇಕಾದ ಕಾರ್ಡು ಇತ್ತು. ಬೆಳಗ್ಗೆ ಬರೆದದ್ದು. ಅದರಲ್ಲಿದ್ದದ್ದು ಅದೇ ನಡೆ, ಆನೆಯಿಂದ ಆ ಕಾಲಾಳನ್ನು ಹೊಡೆಯುವುದು.

"ರಾಮಾಂಜಿನಪ್ಪನೋರೆ, ಇದು ನಡೀತಾ ಇರೋ ಆಟ" ಅಂದಳು.

ಒಬ್ಬರೇ ಆಡುವ ಸ್ಪರ್ಧೆಯಲ್ಲಿ ಇನ್ನೊಬ್ಬರ ಸಹಾಯ ತೆಗೆದುಕೊಳ್ಳುವಂತಿಲ್ಲ ಎಂಬುದು ಅವರಿಗೂ ಗೊತ್ತು. "ಅಯ್ಯಯ್ಯೋ, ಎಂತ ಪನಿ ಚೇಸ್ತಿ! ಎಂಥಾ ಕೆಲ್ಸ ಮಾಡ್ಬಿಟ್ಟೆ! ಮುಗ್ದೋಗಿರೋದು, ಸುಮ್ನೆ ಜೋಡ್ಸಿಟ್ಟಿದ್ದೀರಿ ಅನ್ಕೊಂಡೆ ಕಣಮ್ಮ" ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ಅಷ್ಟರಲ್ಲಿ ಚನ್ನಕೇಶವ ಬಂದ. ನಡೆದದ್ದು ಕೇಳಿ, "ಕಾರ್ಡು ಇನ್ನೂ ಡಬ್ಬಕ್ಕೆ ಬಿದ್ದಿಲ್ವಲ್ಲ, ಹರಿದಾಕಿ ಬೇರೆ ಬರಿ. ಅದ್ರಲ್ಲೇನಿದೆ?" ಎಂದ.

"ಆಗಲ್ಲ ರೀ" ಅಂದಳು ಶ್ಯಾಮಲಕ್ಕ. "ಬೆಳಗ್ಗೆ ನನ್ನ ತಲೆಗೆ ಹೊಳೆದಿದ್ದು ಇದು. ಮಧುರೆಯವ್ರು ಆಡ್ತಾ ಇರೋದು ನನ್ನ ತಲೆ ಜೊತೆ, ಇವ್ರ ತಲೆ ಜೊತೆ ಅಲ್ಲ." ಚಪ್ಪಲಿ ಮೆಟ್ಟಿಕೊಂಡು ಬೀದಿಯ ಕೊನೆಯ ಅಂಚೆ ಡಬ್ಬಕ್ಕೆ ಹೋಗಿ ಕಾರ್ಡು ಹಾಕಿ ಬಂದಳು. ಬರುವವರೆಗೆ ರಾಮಾಂಜಿನಪ್ಪ ಕಾಫಿಯ ಲೋಟ ಮುಟ್ಟಲಿಲ್ಲ.

ಬಂದವಳು ಕಾಯಿಗಳ ಜಾಗವನ್ನು ನೋಟ್‌ಬುಕ್ಕಿನಲ್ಲಿ ಗುರುತು ಮಾಡಿಟ್ಟು, ಅವನ್ನೆಲ್ಲ ಎತ್ತಿ, ಬೋರ್ಡನ್ನು ಚಾಪೆಯ ಮೇಲಿಟ್ಟಳು. "ಈಗ ಮುಗ್ದಿರೋ ಆಟ ತೋರಿಸ್ತೀನಿ ಬನ್ನಿ. ಇದ್ರಲ್ಲಿ ಎಷ್ಟು ಬೇಕಾದ್ರೂ ಮಾತಾಡ್ಬೋದು."

ಬಿಸಿಲು ಇಳಿಯುವವರೆಗೆ ಇಬ್ಬರೂ ಕೂತಿದ್ದರು. ಹಳೆಯ ಆಟವೊಂದನ್ನು ಮೊದಲಿಂದ ಕೊನೆಯವರೆಗೆ ಬಿಚ್ಚಿ ನೋಡಿದರು. ಅವಳು ಇಲ್ಲಿ ಯಾಕೆ ಹಾಗೆ ಮಾಡಿದೆ ಎಂದು ಹೇಳುವುದು, ಅವರು ಹಾಗಲ್ಲ ಹೀಗೆ ಎನ್ನುವುದು, ಅವಳು ಕಾಯಿ ಹಿಂದಕ್ಕಿಟ್ಟು ಅಲ್ಲ ನೋಡಿ ಎನ್ನುವುದು. ನನಗೆ ಆಟ ಅರ್ಥವಾಗುತ್ತಿರಲಿಲ್ಲ. ಆದರೆ ಆರು ವರ್ಷ ಪಕ್ಕದಲ್ಲಿ ಕೂತು ಕೆಲಸ ಮಾಡಿದವಳ ಬಾಯಿಂದ ಕೇಳದಷ್ಟು ಮಾತು ಆ ಎರಡು ಗಂಟೆಯಲ್ಲಿ ಕೇಳಿದೆ. ಕೊನೆಗೆ ರಾಮಾಂಜಿನಪ್ಪ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಓಡಿದರು. ಮೊಟ್ಟೆಯ ಗಂಟು ಗುಡಾಣದ ಪಕ್ಕದಲ್ಲೇ ಉಳಿಯಿತು. ಚನ್ನಕೇಶವ ಸೈಕಲ್ಲಿನಲ್ಲಿ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟು ಬಂದ.

ಮೂರು ವಾರಕ್ಕೆ ಮಧುರೆಯಿಂದ ಕಾರ್ಡು ಬಂತು. ಕುದುರೆ ಬಂದು ಕೂತಿತ್ತು, ರಾಮಾಂಜಿನಪ್ಪ ಹೇಳಿದ ಮನೆಯಲ್ಲೇ. ಆ ಆಟ ಹೋಯಿತು. ಸ್ಪರ್ಧೆ ಮುಗಿದಾಗ ಅವಳು ಒಂದು ಪಾಯಿಂಟು ಹಿಂದೆ ಬಿದ್ದು ಮೂರನೆಯವಳಾದಳು. ಮೇಲಕ್ಕೆ ಹೋಗುವುದು ಇಬ್ಬರೇ. ರಾಮಾಂಜಿನಪ್ಪನಿಗೆ ವಿಷಯ ತಿಳಿದು, "ನನ್ನ ಬಾಯಿ ಮಾಡಿದ ಕೆಲಸ, ಕ್ಷಮಿಸಬೇಕು" ಎಂದು ಒಂದು ಕಾರ್ಡು ಬರೆದರು. ಶ್ಯಾಮಲಕ್ಕ ಅದಕ್ಕೆ, "ನೀವು ಬಾರದಿದ್ದರೂ ನಾನು ಅದೇ ಕಾರ್ಡು ಹಾಕುತ್ತಿದ್ದೆ. ನೀವು ಮತ್ತೆ ಯಾವಾಗ ಬರುತ್ತೀರಿ?" ಎಂದು ಉತ್ತರ ಬರೆದಳು.

ಮುಂದಿನ ಫಾರಂ ಬಂದಾಗ ನನ್ನನ್ನು ಏನೂ ಕೇಳಲಿಲ್ಲ. ಕೋಠಿಯಲ್ಲಿ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆಯೇ, "ತಂಡಕ್ಕೆ ಹಾಕ್ದೆ ಕಣೆ" ಅಂದಳು. ಯಾಕಕ್ಕ ಎಂದೆ. "ಅವತ್ತು ಮಾತಾಡಿದ್ದು ಚೆನ್ನಾಗಿತ್ತು" ಎಂದಳು. ಅಷ್ಟೇ.

ಮೂವರಿಗೂ ಅನುಕೂಲವಾದ ಜಾಗ ಚಿಕ್ಕಬಳ್ಳಾಪುರ. ರಾಮಾಂಜಿನಪ್ಪ ಚಿಂತಾಮಣಿಯಲ್ಲಿ ಬಸ್ಸು ಹತ್ತಿ ಬಂದರೆ ಶಿಡ್ಲಘಟ್ಟದಲ್ಲಿ ಇವಳು ಅದೇ ಬಸ್ಸು ಹತ್ತುತ್ತಿದ್ದಳು. ಅವರು ಟವೆಲ್ಲು ಹಾಕಿ ಸೀಟು ಹಿಡಿದಿರುತ್ತಿದ್ದರು. ಬಾಕರ್ ಅಲಿ ಗೌರಿಬಿದನೂರಿನ ಕಡೆಯ ಬಸ್ಸಿನಲ್ಲಿ ಬರುತ್ತಿದ್ದರು. ತಿಂಗಳಿಗೆ ಒಂದು ಭಾನುವಾರ. ಮೊದಲ ಸಲ ಪರಸ್ಥಳದಲ್ಲಿ ಇಬ್ಬರು ಗಂಡಸರ ಜೊತೆ ಹೋಟೆಲಿನಲ್ಲಿ ಕೂರುವುದು ಹೇಗೆ ಎಂದು ನನ್ನನ್ನೂ ಕರೆದುಕೊಂಡು ಹೋದಳು. ಆಮೇಲೆ ನಾನು ಬೇಕಾಗಲಿಲ್ಲ. ಆದರೂ ಆಗಾಗ ಹೋಗುತ್ತಿದ್ದೆ, ಅಲ್ಲಿನ ಮಸಾಲೆ ದೋಸೆಗೆ.

ಬಸ್ ಸ್ಟ್ಯಾಂಡಿನ ಹತ್ತಿರದ ಆ ಹೋಟೆಲಿನ ಯಜಮಾನರು ವೆಂಕಟರಾಮಪ್ಪ. ಒಂದು ಕಾಫಿಗೆ ಮೂರು ಗಂಟೆ ಕೂರುವ ಗಿರಾಕಿಗಳನ್ನು ಕಂಡರೆ ಯಾರಿಗೆ ಇಷ್ಟ? ಮೊದಲೆರಡು ಸಲ ಗೊಣಗಿದರು. ಮೂರನೇ ಸಲ ಹಿಂದೆ ನಿಂತು ನೋಡಿದರು. ನಾಲ್ಕನೇ ಸಲದಿಂದ ಮಧ್ಯಾಹ್ನ ಎರಡರಿಂದ ಐದರವರೆಗೆ ಮೂಲೆಯ ಮೇಜು ಇವರಿಗೇ ಆಯಿತು.

ಬಾಕರ್ ಅಲಿ ನಲವತ್ತರ ಸುಮಾರಿನವರು, ಚುರುಕು, ಮಾತಿಗೆ ಮೊದಲೇ ನಗು. ಆಟವೂ ಹಾಗೇ; ಎದುರಾಳಿಯ ಮೇಲೆ ನುಗ್ಗುವುದೇ. ರಾಮಾಂಜಿನಪ್ಪನದು ನಿಧಾನ. ಒಂದು ಕಾಲಾಳು ಮುಂದಿಡಲು ಎರಡು ಸಲ ಕಾಫಿ ಬೇಕು. ತಂಡಕ್ಕೆ ಒಂದು ಹೆಸರು ಬರೆಯಬೇಕಿತ್ತು. ರಾಮಾಂಜಿನಪ್ಪ "ತ್ರಿಮೂರ್ತಿ" ಅಂದರು.

"ಅಣ್ಣಾ, ಅದ್ರಲ್ಲಿ ನಾನ್ಯಾರು?" ಎಂದು ಶ್ಯಾಮಲಕ್ಕ ಕೇಳಿದಳು.

"ನಾನ್ಯಾರು ಅನ್ನೋದೂ ಹೇಳ್ಬಿಡಿ" ಎಂದರು ಬಾಕರ್ ಅಲಿ. ಎಲ್ಲರೂ ನಕ್ಕರು. ಮೂವರದೂ ಬೇರೆ ಬೇರೆ ತಾಲ್ಲೂಕಾದ್ದರಿಂದ ಕೊನೆಗೆ "ಮೂರು ತಾಲ್ಲೂಕು" ಎಂದು ಇಟ್ಟರು.

ಮೊದಲ ಜಗಳ ಎರಡೇ ತಿಂಗಳಿಗೆ ಆಯಿತು. ಬಾಕರ್ ಅಲಿ ತಮ್ಮ ಆಟದಲ್ಲಿ ಒಂದು ಒಂಟೆಯನ್ನು ಬಲಿ ಕೊಟ್ಟು ನುಗ್ಗಬೇಕೆಂದರು. ಇವರಿಬ್ಬರೂ ಬೇಡ ಎಂದರು. "ಇಬ್ರೂ ರೇಷ್ಮೆ ಹುಳ ಸಾಕೋರಂಗೇ ಆಡ್ತೀರಿ, ಮೆತ್ತಗೆ ಮೆತ್ತಗೆ" ಎಂದು ಬಾಕರ್ ಅಲಿ ಮುಖ ತಿರುಗಿಸಿದರು. ಬಸ್ಸಿಗೆ ಹೊತ್ತಾಯಿತೆಂದೂ ಹೇಳದೆ ಹೊರಟರು. ಆ ತಿಂಗಳು ಶ್ಯಾಮಲಕ್ಕ ಬಹಳ ಯೋಚನೆ ಮಾಡಿದಳು. ತಾನು ಹೆದರಿದ್ದು ಇದಕ್ಕೇ ಎಂದು ನನ್ನ ಹತ್ತಿರ ಅಂದಳು. ಮುಂದಿನ ಭಾನುವಾರ ಅವಳೇ ಮೊದಲು ಮಾತು ತೆಗೆದಳು.

"ಸಾಬ್ರೆ, ಬೋರ್ಡು ಯಾರದೋ ತೀರ್ಮಾನ ಅವ್ರದ್ದೇ. ನಾವು ಕಂಡಿದ್ದು ಹೇಳ್ತೀವಿ. ಕಾರ್ಡು ಬರೆಯೋದು ನೀವು. ಹಂಗಿದ್ರೆ ಆಯ್ತಾ?"

"ಆಯ್ತು ಬೆಹನ್" ಎಂದು ಬಾಕರ್ ಅಲಿ ಜೇಬಿನಿಂದ ಎದುರಾಳಿಯ ಉತ್ತರದ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಒಂಟೆ ಬಲಿ ಕೊಟ್ಟಿರಲಿಲ್ಲ. ಮನೆಗೆ ಹೋಗಿ ನೋಡಿದರೆ ಇವರಿಬ್ಬರು ಹೇಳಿದ್ದೇ ಸರಿ ಕಂಡಿತಂತೆ. ಆದರೆ ಅದನ್ನು ಒಂದು ತಿಂಗಳು ಯಾರಿಗೂ ಹೇಳಿರಲಿಲ್ಲ!

ಆ ಸ್ಪರ್ಧೆಯಲ್ಲಿ ಅವರಿಗೆ ಎದುರಾದ ಗಟ್ಟಿ ತಂಡ ನಾಗಪುರದ್ದು. ಶ್ಯಾಮಲಕ್ಕನ ಎದುರಾಳಿ ದೇಶಮುಖ್ ಎಂಬ ನಿವೃತ್ತ ರೈಲ್ವೆ ಗಾರ್ಡು. ಆಟ ಒಂದು ವರ್ಷ ಎಳೆದು, ಎರಡೂ ಕಡೆ ಸಮವಾಗಿ ಬಂದು ನಿಂತಿತ್ತು. ಡ್ರಾ ಕೇಳೋಣ ಎಂದು ಅವಳು ಕಾರ್ಡು ಬರೆಯಲು ಹೊರಟಿದ್ದಳು. "ಇನ್ನೊಂದ್ ಸಲ ನೋಡೋಣ ಇರಮ್ಮ" ಎಂದರು ರಾಮಾಂಜಿನಪ್ಪ. ನೋಡಿದರು. ಅವರಿಗೆ ಏನೂ ಕಾಣಲಿಲ್ಲ, ಆದರೆ ಎದುರಿನ ರಾಜ ಒಂದು ಮೂಲೆಯಿಂದ ಅಲ್ಲಾಡಲಾರ ಎಂದು ಹೇಳಿದರು. ಬಾಕರ್ ಅಲಿ ಸುಮ್ಮನಿರಲಾರದೆ, "ಈ ಕಾಲಾಳು ತಳ್ಳಿದ್ರೆ?" ಎಂದು ಅಂಚಿನ ಕಾಲಾಳನ್ನು ಮುಟ್ಟಿದರು. ತಳ್ಳಿದರೆ ಅದು ಸಾಯುತ್ತದೆ. ಸತ್ತರೆ ದಾರಿ ತೆರೆಯುತ್ತದೆ. ಶ್ಯಾಮಲಕ್ಕ ಬೋರ್ಡಿನ ಮೇಲೆ ಬಗ್ಗಿದಳು. ಮೈಕ್ರೋಸ್ಕೋಪಿಗೆ ಬಗ್ಗಿದ ಹಾಗೆಯೇ, ಒಂದು ಕಣ್ಣು ಅರ್ಧ ಮುಚ್ಚಿ. ಕಾಲು ಗಂಟೆ ಹಾಗೇ ಇದ್ದಳು. ಇದ್ದಕ್ಕಿದ್ದಂತೆ ಅವಳು ಮೇಜು ಕುಟ್ಟಿ, "ಸಿಕ್ತು! ಅಣ್ಣಾ, ಸಿಕ್ತು!" ಎಂದು ಕೂಗಿಬಿಟ್ಟಳು. ಹೋಟೆಲಿನವರೆಲ್ಲ ಏನೋ ಕಳೆದದ್ದು ಸಿಕ್ಕಿದೆ ಎಂದು ತಿರುಗಿ ನೋಡಿದರು. ವೆಂಕಟರಾಮಪ್ಪ ಗಲ್ಲಾ ಬಿಟ್ಟು ಓಡಿ ಬಂದರು.

ಆ ಆಟ ಅವಳು ಗೆದ್ದಳು. ನಡೆ ಸಿಕ್ಕಿದ ಆ ಭಾನುವಾರವೇ ಬಸ್ಸಿಳಿದು ಮನೆಗೆ ಬರುವಾಗ ನನಗೆ ಹೇಳಿದ್ದಳು: "ಅಣ್ಣ ಹೇಳಿದ್ದು ಅಷ್ಟೇ ಆಗಿದ್ರೆ ಆಗ್ತಿರ್ಲಿಲ್ಲ, ಸಾಬ್ರು ತಳ್ಳಿದ್ದು ಅಷ್ಟೇ ಆಗಿದ್ರೂ ಆಗ್ತಿರ್ಲಿಲ್ಲ. ನಾನೊಬ್ಳೇ ಆಗಿದ್ರೆ ಡ್ರಾ ಕಾರ್ಡು ಹಾಕಿ ಮಲಗ್ತಿದ್ದೆ."

ಸ್ಪರ್ಧೆ ಮುಗಿಯಲು ಆರು ತಿಂಗಳಿದ್ದಾಗ ತಂಡವೇ ಮುಂದಿತ್ತು. ಆಗ ಆ ತಪ್ಪಾಯಿತು. ರಾಮಾಂಜಿನಪ್ಪನ ಹುಳು ಹಣ್ಣಾಗಿ ಗೂಡು ಕಟ್ಟುವ ದಿನಗಳು. ಹಗಲೂ ರಾತ್ರಿ ಮನೆಯವರೆಲ್ಲ ಹುಳು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸ. ಅವರು ಒಂದು ಕಾರ್ಡಿಗೆ ಉತ್ತರ ಬರೆಯುವುದನ್ನೇ ಮರೆತರು. ನೆನಪಿಸುವ ಕಾರ್ಡು ಬಂದಾಗ ಅದು ಸೊಪ್ಪಿನ ಕುಕ್ಕೆಯ ಅಡಿಯಲ್ಲಿ ಸಿಕ್ಕಿಕೊಂಡಿತು. ಗಡುವು ಮೀರಿತು. ಚೆನ್ನಾಗಿದ್ದ ಆಟವನ್ನು ಸಂಘದವರು ಸೋಲೆಂದು ಬರೆದುಕೊಂಡರು. ತಂಡ ಅರ್ಧ ಪಾಯಿಂಟಿನಿಂದ ಎರಡನೆಯದಾಯಿತು. ನಾಗಪುರದವರು ಗೆದ್ದರು.

ಆ ಭಾನುವಾರ ನಾನು ಬೇಕೆಂದೇ ಹೋಗಿದ್ದೆ. ನನಗೆ ಭಯ. ಒಬ್ಬರ ತಪ್ಪಿಗೆ ಎಲ್ಲರೂ ಸೋಲುವುದು ಅವಳಿಗೆ ಎಷ್ಟು ಸಂಕಟವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ರಾಮಾಂಜಿನಪ್ಪ ತಲೆ ತಗ್ಗಿಸಿ ಕೂತಿದ್ದರು. "ನನ್ನನ್ನ ತೆಗೆದು ಬೇರೆಯೋರನ್ನ ಹಾಕ್ಕೊಳ್ಳಿ" ಎಂದರು.

ಶ್ಯಾಮಲಕ್ಕ ಕೇಳಿದಳು: "ಅಣ್ಣಾ, ಗೂಡು ಹೆಂಗ್ ಬಂತು?"

"ಗೂಡು ಚೆನ್ನಾಗ್ ಬಂತಮ್ಮ. ಇಷ್ಟು ವರ್ಷದಲ್ಲಿ ಹಿಂಗ್ ಬಂದಿರ್ಲಿಲ್ಲ."

"ಆ ಮೊಟ್ಟೆ ನೋಡಿ ಕಳ್ಸಿದ್ದು ನಾವೇ. ಅದು ಕೆಟ್ಟಿದ್ರೆ ನಂಗೆ ಸಂಕಟ ಆಗ್ತಿತ್ತು. ಕಾರ್ಡು ಹೋದ್ರೆ ಇನ್ನೊಂದು ಬರೆದ್ರೆ ಆಯ್ತು" ಎಂದವಳೇ, ಮುಂದಿನ ಸ್ಪರ್ಧೆಯ ಫಾರಂ ತೆಗೆದು ಅವರ ಮುಂದಿಟ್ಟಳು. ಆಗಲೇ ಮೂವರ ಹೆಸರೂ ಬರೆದಿತ್ತು. ರಾಮಾಂಜಿನಪ್ಪ ಅದನ್ನು ಓದಿ ಮುಗಿಸಿ ಮೂರು ಪ್ಲೇಟು ಜಾಮೂನಿಗೆ ಹೇಳಿದರು. ನನ್ನನ್ನು ನೋಡಿ ನಾಲ್ಕು ಎಂದು ತಿದ್ದಿಕೊಂಡರು.

ಅಂದು ಮನೆಗೆ ಬರುವ ದಾರಿಯಲ್ಲಿ ನಾನು ಕೇಳಿದೆ. "ಅಕ್ಕ, ಕೋಪ ಬರ್ಲಿಲ್ವಾ?"

"ಬರುತ್ತೆ ಅನ್ಕೊಂಡಿದ್ದೆ ಕಣೆ. ಬಸ್ಸಲ್ಲಿ ಅವ್ರ ಮುಖ ನೋಡ್ದೆ. ಬರ್ಲಿಲ್ಲ."

ತೊಂಬತ್ತೆರಡರಲ್ಲಿ ಸಂಘದವರು ನಿಯಮ ಸಡಿಲಿಸಿ ಎರಡೂ ಆಡಬಹುದು ಎಂದರು. ಅವಳು ಎರಡಕ್ಕೂ ಗುರುತು ಹಾಕಿದಳು. ಬೋರ್ಡೂ ಎರಡಾಯಿತು. ಹೊಸದನ್ನು ಚನ್ನಕೇಶವನೇ ಹಲಗೆ ಕೊಯ್ದು, ಬಣ್ಣ ಬಳಿದು ಮಾಡಿಕೊಟ್ಟ. ತನ್ನೊಬ್ಬಳ ಆಟದ ಬೋರ್ಡಿನ ಮೇಲೆ ಯಾರಾದರೂ ಮನೆಗೆ ಬಂದರೆ ಬಟ್ಟೆ ಹೊದಿಸುತ್ತಿದ್ದಳು. ರಾಮಾಂಜಿನಪ್ಪ ಬಂದರಂತೂ ಅವರೇ ಮೊದಲು, "ಬಟ್ಟೆ ಹಾಕಮ್ಮ, ಬಟ್ಟೆ ಹಾಕು" ಎಂದು ಬಾಗಿಲಲ್ಲೇ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದರು. ಮೂರು ವರ್ಷದ ಮೇಲೆ ಒಬ್ಬಳೇ ಆಡಿಯೇ ಮೊದಲ ದರ್ಜೆ ದಾಟಿದಳು. ಒಬ್ಬಳೇ ಯೋಚಿಸುವ ಸುಖವನ್ನು ಅವಳು ಬಿಟ್ಟುಕೊಡಲಿಲ್ಲ. ಭಾನುವಾರದ ಮೇಜನ್ನೂ ಬಿಡಲಿಲ್ಲ.

1996ರ ಡಿಸೆಂಬರಿನಲ್ಲಿ ನಾಗಪುರದ ದೇಶಮುಖ್ ಬೆಂಗಳೂರಿನ ಮಗಳ ಮನೆಗೆ ಬಂದವರು, ಮೂರು ತಾಲ್ಲೂಕಿನವರನ್ನು ನೋಡಲೇಬೇಕೆಂದು ಚಿಕ್ಕಬಳ್ಳಾಪುರಕ್ಕೆ ಬಸ್ಸು ಹತ್ತಿ ಬಂದರು. ಎಪ್ಪತ್ತರ ಹತ್ತಿರದ ಎತ್ತರದ ಮನುಷ್ಯ, ತಲೆಗೆ ಉಲ್ಲನ್ ಟೋಪಿ. ಬಾಕರ್ ಅಲಿ ಉರ್ದುವಿನಲ್ಲಿ, ಅವರು ಹಿಂದಿಯಲ್ಲಿ, ಇವರಿಬ್ಬರು ಬಂದಷ್ಟರಲ್ಲಿ ಮಾತಾಡಿದರು. ಊಟವಾದ ಮೇಲೆ ದೇಶಮುಖ್, ಇಷ್ಟು ವರ್ಷ ಕಾರ್ಡಿನಲ್ಲೇ ಆಡಿದ್ದಾಯಿತು, ಎದುರುಬದುರು ಕೂತು ಒಂದಾಟ ಆಡೋಣ ಎಂದು ಶ್ಯಾಮಲಕ್ಕನನ್ನು ಕರೆದರು.

ಅಪ್ಪ ಹೋದ ಮೇಲೆ ಅವಳು ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು ಸೋಲು ಗೆಲುವಿನ ಆಟ ಆಡಿದ್ದೇ ಇಲ್ಲ. ಎರಡು ನಡೆ ಆಡಿದಳು. ಮೂರನೆಯದಕ್ಕೆ ಯೋಚನೆ ಮಾಡುತ್ತಾ ಕೂತಳು. ಹತ್ತು ನಿಮಿಷವಾಯಿತು, ಇಪ್ಪತ್ತು ನಿಮಿಷವಾಯಿತು. ದೇಶಮುಖ್ ಕಾಫಿ ಕುಡಿದು ಮುಗಿಸಿದರು. ಮತ್ತೊಂದು ತರಿಸಿದರು. ಕೊನೆಗೆ ಬಾಕರ್ ಅಲಿ, "ಬೆಹನ್, ಪೋಸ್ಟು ಇನ್ನೂ ಬಂದಿಲ್ವಾ?" ಎಂದು ಕೇಳಿದರು. ಅವಳು ತಲೆ ಎತ್ತಿ ನೋಡಿ, ಎಲ್ಲರೂ ತನ್ನನ್ನೇ ಕಾಯುತ್ತಿದ್ದಾರೆಂದು ಆಗ ಗೊತ್ತಾಗಿ, ನಾಚಿಕೊಂಡು ಕೈಗೆ ಸಿಕ್ಕ ಕಾಯಿ ನಡೆಸಿದಳು. ಹದಿನೆಂಟನೇ ನಡೆಗೆ ಸೋತಳು. ದೇಶಮುಖ್ ಎದ್ದು ನಿಂತು ಕೈಮುಗಿದರು. ಅವಳು ನಗುತ್ತಾ ಕಾಯಿಗಳನ್ನು ಮತ್ತೆ ಜೋಡಿಸತೊಡಗಿದಳು. ರಾಮಾಂಜಿನಪ್ಪ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಅವಳ ಪಕ್ಕಕ್ಕೆ ಬಂದು ಕೂತರು.